ಇವತ್ತ ಯಾವ ವಾರ

ಹೆಸರಿಡಬ್ಯಾಡ್ರಿ ಅಂತ ಮೊದಲ ದಿನಾನಽ ಹೇಳಿದ್ದ
ದನದ ದವಾಖಾನಿ ಕಂಪೌಂಡರ ಗುರುಪಾದ.
"ಹೆಸರಿಟ್ಟರ ನಿಮ್ಮದಾಗತೈತ್ರಿ ಅಕ್ಕಾರ,
ಆಮ್ಯಾಲ ಕೊಡೂದು ಆಗೂದಿಲ್ಲ."
ಅದಕ್ಕ ನಾನು ಬಂದ ವಾರದ ಮ್ಯಾಲ ಕರದೆ.
ಮಂಗಳಾರ. ಶುಕ್ರಾರ. ಎರಡನೇ ಮಂಗಳಾರ.
ಒಂದಕ್ಕ ಬಾಲ ಇಲ್ಲ, ಒಂದಕ್ಕ ಎಡಗಿವಿ ಇಲ್ಲ,
ಎರಡನೇ ಮಂಗಳಾರಕ್ಕ ಎಲ್ಲಾ ಇತ್ತು,
ಆದರ ಕಸಬರಗಿ ಕಂಡರ
ನಿಂತಲ್ಲೇ ಉಚ್ಚಿ ಹೊಯ್ಕೋತಿತ್ತು.

ಬೆಟಗೇರಿಯ ನಮ್ಮ ನಡುಮನ್ಯಾಗ
ಅತ್ತಿಯವರ ಕುಣಿಮಗ್ಗ ಇನ್ನೂ ಐತಿ.
ನೇಯೂದು ನಿಂತು ಹನ್ನೊಂದು ವರ್ಷ.
ಅವರು ಕಾಲು ಇಳಿಬಿಟ್ಟು ಕೂಡತಿದ್ದ ಕುಣಿ
ಮೊಳಕಾಲಿನಷ್ಟು ಆಳ, ಬ್ಯಾಸಿಗ್ಯಾಗೂ ತಂಪು.
ಯಾರೂ ತೋರಿಸಲಿಲ್ಲ,
ಬಂದದ್ದೆಲ್ಲಾ ಮೊದಲ ರಾತ್ರಿ ಅಲ್ಲೇ ಇಳೀತು,
ಗ್ವಾಡಿಗೆ ಬೆನ್ನು ಹಚ್ಚಿ, ಮಾರಿ ಬಾಗಲ ಕಡೆ.

ಓಣ್ಯಾಗ ಮಾತು ಇಲ್ಲಂತಲ್ಲ.
"ಹೊಟ್ಟೀಲೆ ಹುಟ್ಟಿದ್ದಿಲ್ಲೇನು ನಿನಗ?" ಅಂದರು ಒಬ್ಬರು.
"ಅದಾನಲ್ಲ, ಎಸ್ಸೆಸ್ಸೆಲ್ಸಿ, ಅವನಽ ಇವಕ್ಕ ಜಳಕಾ ಮಾಡಸ್ತಾನ" ಅಂದೆ.
ಗಂಡ ಬೈಯ್ಯೂದಿಲ್ಲ, ಲೆಕ್ಕಾ ಬರೀತಾನ.
ವಹಿಯಾಗ ಒಂದು ಖಾತಿ ತಗದಾನ, 'ಪರಸ್ಥಳದವರು'.
ಜ್ವಾಳದ ಹಿಟ್ಟು, ಅರಿಷಿಣ, ಹುಳದ ಗುಳಿಗಿ, ಆಟೋ.

ಒಯ್ಯಾಕ ಬರತಾರ:
ಹುಲಕೋಟಿ ಸಾಲಿ ಬಾಯಾರು,
ರೋಣದ ರಸ್ತಾದ ಪೆಟ್ರೋಲ್ ಬಂಕಿನ ರಾತ್ರಿ ಪಾಳಿಯವ,
ಮುಳಗುಂದದಿಂದ ಸ್ಕೂಟರಿನ ಮ್ಯಾಲ ಅಪ್ಪಾ-ಮಗಳು.
ಮನಿಗೆ ಗೇಟ್ ಐತೇನು, ಬಿಸಿಲಾಗ ಕಟ್ಟತೀರೇನು,
ಸಿಟ್ಟು ಬಂದಾಗ ಕೈಗೆ ಏನು ತಗೋತೀರಿ?
ಕಡೀ ಪ್ರಶ್ನೆಗೆ ತಟ್ಟನೆ ಉತ್ತರ ಕೊಟ್ಟವರಿಗೆ
ನಾನು ನಾಯಿ ಕೊಟ್ಟಿಲ್ಲ.

ಕಾರ್ತೀಕ ಮುಗಿಯೂ ಮುಂದ ಒಂದು ಬಂತು,
ಲಕ್ಷ್ಮೇಶ್ವರ ಬಸ್ಸಿನ ಅಡಿಯಿಂದ ಎಳದದ್ದು.
ಐತಾರ ರಾತ್ರಿ. ಗುರುಪಾದ ಚೀಲ ಇಳಸೂ ಹೊತ್ತಿಗೆ
ಗಡಿಯಾರದ ಎರಡೂ ಮುಳ್ಳು ಒಂದರ ಮ್ಯಾಲೊಂದು.
ಐತಾರ ಅನ್ನಲ್ಯೋ, ಸೋಮಾರ ಅನ್ನಲ್ಯೋ?
ನಾಳೆ ನೋಡೂಣು ಅಂದೆ. ನಾಳಿಗೆ ಜ್ವರ.
ನಾಡದು ಹಿಂದಿನ ಕಾಲು ತಗದರು.
ಹೆಸರಿನ ಮಾತು ಹಂಗಽ ಉಳೀತು.

ಮೂರು ಕಾಲಿನ್ಯಾಗ ಕುಣಿ ಹತ್ತಾಕ ಬರೂತನಕ
ನಾನಽ ಇಳದು ಕುಂತೆ, ಸಿರಿಂಜಿನ್ಯಾಗ ಅಂಬಲಿ ತುಂಬಿಕೊಂಡು.
ಅತ್ತಿಯವರ ಜಾಗಾದಾಗ ನಾನು ಕುಂತದ್ದು ಅದಽ ಮೊದಲು.
ಅವರಿದ್ದಾಗ ಲಾಳಿ ಮುಟ್ಟಿದವಳಲ್ಲ.
ಅಲ್ಲಿಂದ ಮನಿ ಬ್ಯಾರೇನಽ ಕಾಣತೈತಿ:
ಎಲ್ಲಾರ ಹಿಮ್ಮಡ, ಕಪಾಟಿನ ಬುಡದ ಧೂಳು,
ಎಂದೋ ಕಳದ ಒಂದು ಗುಂಡಿ.

ಸಂಕ್ರಮಣದ ಮರುದಿನ ಕೊಟ್ಟೆ,
ಟೇಶನ್ನಿನ ಪಾರ್ಸಲ್ ಆಫೀಸಿನ ನಝೀರಸಾಬಗ.
ಕಡೀ ಪ್ರಶ್ನೆಗೆ ಅವ ತನ್ನ ಕೈ ನೋಡಕೋತ ನಿಂತಿದ್ದ.
ಕೇಳದಽ ಚಾದರ ತಂದಿದ್ದ.
"ಏನಂತ ಕರೀಲ್ರಿ?" ಅಂದ.
ಬಾಯಿ ತಗದೆ, ಬಾಯಾಗ ಏನೂ ಇರಲಿಲ್ಲ.
"ನೀವಽ ಇಟ್ಕೋರಿ" ಅಂದೆ.
ಆಟೋ ತಿರಗೂತನಕ ಅದು ನನ್ನ ಕಡೆ ನೋಡಲಿಲ್ಲ,
ಚಾದರ ಮೂಸಕೋತ ಕುಂತಿತ್ತು.
ಛಲೋ ಆತು ಅಂತ ದೊಡ್ಡ ದನೀಲೆ ಅಂದೆ,
ಓಣ್ಯಾಗ ಯಾರೂ ಇರಲಿಲ್ಲ.

ಮೂರನೇ ದಿನ ಫೋನು.
"ಅಕ್ಕಾ, ಉಣವಲ್ದು. ಉಣ್ಣಸೂ ಮುಂದ ನೀವು ಏನರ ಅಂತಿದ್ರೇನು?"
ಏನಂತಿದ್ದೆ?
"ಸ್ಪೀಕರ್ ಹಚ್ಚಪಾ" ಅಂದೆ.
"ಉಂಡ್ಯೇನಽ?" ಅಂದೆ,
ಒಳಗ ಬಂದವರಿಗೆಲ್ಲಾ ಅತ್ತಿಯವರು
ಮಗ್ಗದ ಮ್ಯಾಲಿಂದ ತಲಿ ಎತ್ತದ ಕೇಳತಿದ್ದಂಗ.
ಅತ್ತಾಗ ಬೋಗಾಣಿ ಸರದ ಸಪ್ಪಳ.
ನಝೀರಸಾಬ ಏನೋ ಅಂದ,
ನಾನು ಕೇಳಸಿಕೊಳ್ಳಲಿಲ್ಲ, ಇಟ್ಟೆ.

ಕುಣಿ ಬಳದೆ. ಸುಣ್ಣ ಹಚ್ಚಿದೆ.
ಇನ್ನ ಸಾಕು ಅಂದೆ ಗಂಡಗ.
ಹೂಂ ಅಂದ, ಆ ಖಾತಿಗೆ ಗೆರಿ ಎಳೀಲಿಲ್ಲ.

ನಿನ್ನೆ ರಾತ್ರಿ ಗುರುಪಾದ:
"ಮುಂಡರಗಿ ನಾಕಾದಾಗ ಒಂದೈತ್ರಿ ಅಕ್ಕಾರ,
ಭಾಳ ಸಣ್ಣದು, ಇನ್ನೂ ಕಣ್ಣು ಬಿಟ್ಟಿಲ್ಲ."
ಆಗೂದಿಲ್ಲೋ ಅನ್ನಾಕ ಉಸರು ತಗೊಂಡೆ.
"ಇವತ್ತ ಯಾವ ವಾರೋ?" ಅಂದೆ.